ಚಾಸಿಗೆ ಕಚ್ಚು ಹಾಕಿದರೆ ಬಲ ಎಷ್ಟು ಹೋಗುತ್ತದೆ?

ಮಕ್ಕಳೇ, ಅಮೆರಿಕದಲ್ಲಿ ಕೆಲವರಿಗೆ ಪಿಕಪ್ ಗಾಡಿಯನ್ನು ನೆಲಕ್ಕೆ ತಾಗಿತೋ ಎನ್ನುವಷ್ಟು ತಗ್ಗಿಸಿ ಓಡಿಸುವ ಶೋಕಿ. ಹಿಂದಿನ ಚಕ್ರಗಳ ಆಕ್ಸಲ್ ಸಾಮಾನ್ಯವಾಗಿ ಪಟ್ಟಿ ಸ್ಪ್ರಿಂಗಿನ ಕೆಳಗಿರುತ್ತದೆ. ಅದನ್ನು ಬಿಚ್ಚಿ ಸ್ಪ್ರಿಂಗಿನ ಮೇಲೆ ಕೂರಿಸಿದರೆ ಗಾಡಿಯ ಹಿಂಭಾಗ ಸುಮಾರು 5–6 ಇಂಚು ಇಳಿಯುತ್ತದೆ. ಆದರೆ ಆಗ ಆಕ್ಸಲ್‌ಗೂ ಅದರ ಮೇಲಿರುವ ಚಾಸಿಗೂ ನಡುವೆ ಜಾಗ ಸಾಲುವುದಿಲ್ಲ. ಗುಂಡಿ ಬಂತೆಂದರೆ ಧಡ್ ಅಂತ ಬಡಿಯುತ್ತದೆ. ಅದಕ್ಕೇ ಆ ಜಾಗದಲ್ಲಿ ಚಾಸಿಯನ್ನು ಅಡಿಯಿಂದ ಅರ್ಧಚಂದ್ರದಂತೆ ಕತ್ತರಿಸಿ ತೆಗೆಯುತ್ತಾರೆ. ಇದರ ಹೆಸರು ‘ಸಿ-ನಾಚ್’. ನಾವು ಕಚ್ಚು ಎನ್ನೋಣ.

ಅಂಗೈಯಷ್ಟು ಉಕ್ಕು ಹೋದರೆ ಏನು ಮಹಾ ಅಂತೀರಾ? ನಿಮ್ಮ ಸ್ಕೇಲನ್ನು ಎರಡು ಪುಸ್ತಕಗಳ ಮೇಲೆ ಸೇತುವೆಯಂತೆ ಮಲಗಿಸಿ, ನಡುವೆ ಬೆರಳಿನಿಂದ ಒತ್ತಿ. ಬಾಗುತ್ತದೆ. ಈಗ ಅದನ್ನೇ ಅಂಚಿನ ಮೇಲೆ ನಿಲ್ಲಿಸಿ, ವಾಲದಂತೆ ಹಿಡಿದು ಒತ್ತಿ. ಜಗ್ಗುವುದೇ ಇಲ್ಲ! ವಸ್ತು ಅದೇ, ತೂಕ ಅದೇ. ನಿಂತ ಎತ್ತರ ಮಾತ್ರ ಬೇರೆ. ದಪ್ಪ ಅಷ್ಟೇ ಇದ್ದು ಎತ್ತರ ಇಮ್ಮಡಿಯಾದರೆ, ಬಾಗದೆ ನಿಲ್ಲುವ ಗುಣ 2ರ ಘನ, ಅಂದರೆ 8 ಪಟ್ಟು ಆಗುತ್ತದೆ.

ಈ ಲೆಕ್ಕ ಇಳಿಯುವಾಗಲೂ ಹೀಗೇ. 15 ಸೆಂ.ಮೀ. ಎತ್ತರದ ಉಕ್ಕಿನ ಹಲಗೆಗೆ 5 ಸೆಂ.ಮೀ. ಕಚ್ಚು ಹಾಕಿದಿರಿ ಎಂದಿಟ್ಟುಕೊಳ್ಳಿ. ಆ ಜಾಗದಲ್ಲಿ ಉಳಿದ ಎತ್ತರ 2/3. ಅದರ ಘನ 8/27. ಮೂರರಲ್ಲಿ ಒಂದು ಪಾಲು ಉಕ್ಕು ತೆಗೆದರೆ ಅಲ್ಲಿನ ಗಡಸುತನ ಶೇ. 70ರಷ್ಟು ಹೋಯಿತು! ನಿಜವಾದ ಚಾಸಿಯಲ್ಲಿ ಪೆಟ್ಟು ಇನ್ನೂ ದೊಡ್ಡದು. ಅದು ಮೇಲೆ, ಕೆಳಗೆ ಮಡಿಕೆಯಿರುವ ತೆಳು ಉಕ್ಕು. ಬಾಗುವಾಗ ಒಂದು ಮಡಿಕೆ ಹಿಗ್ಗುತ್ತದೆ, ಇನ್ನೊಂದು ಕುಗ್ಗುತ್ತದೆ, ನಡುಭಾಗಕ್ಕೆ ಅಷ್ಟು ಕೆಲಸವಿಲ್ಲ. ಕಚ್ಚು ಹಾಕುವವರು ಕತ್ತರಿಸುವುದು ಹೆಚ್ಚು ದುಡಿಯುವ ಕೆಳಮಡಿಕೆಯನ್ನೇ.

ಕಚ್ಚು ದುಂಡಗೆ ಏಕೆ? ಶಾಂಪೂ ಪೊಟ್ಟಣದ ಅಂಚಿನಲ್ಲಿರುವ ಸಣ್ಣ ಸೀಳು ನೋಡಿ, ಹರಿಯುವುದು ಅಲ್ಲಿಂದಲೇ. ಚೂಪು ಮೂಲೆಯಲ್ಲಿ ಒತ್ತಡ ಗುಂಪುಗೂಡಿ ಬಿರುಕು ಶುರುವಾಗುತ್ತದೆ.

ಹೋದ ಬಲ ತುಂಬಲು ಕಚ್ಚಿನ ಸುತ್ತ ದಪ್ಪ ಉಕ್ಕಿನ ಕಮಾನು ಕೂರಿಸುತ್ತಾರೆ. ಅದು ಕಚ್ಚಿನ ಎರಡೂ ಕಡೆ ಸಾಕಷ್ಟು ಮುಂದಕ್ಕೆ ಚಾಚಿರಬೇಕು, ಅದಕ್ಕೂ ಕೆಳಮಡಿಕೆ ಇರಬೇಕು. ಬರೀ ತಗಡು ಅಂಟಿಸಿದರೆ ಅದು ತೇಪೆಯಷ್ಟೇ. ಶಾಖ ಕೊಟ್ಟು ಗಟ್ಟಿ ಮಾಡಿದ ಉಕ್ಕು ವೆಲ್ಡಿಂಗ್ ಬಿಸಿಗೆ ಮೆತ್ತಗಾಗುವುದರಿಂದ ಅಂಥ ಚಾಸಿಗೆ ಬೋಲ್ಟೇ ವಾಸಿ. (ನಮ್ಮ ದೇಶದಲ್ಲಿ ಇಂಥ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ.)

ಮಾಡಿ ನೋಡಿ: ರಟ್ಟನ್ನು ಮಡಚಿ ಇಂಥ ಮೂರು ತೊಲೆ ಮಾಡಿ. ಒಂದು ಇಡಿಯಾಗಿರಲಿ, ಒಂದಕ್ಕೆ ಚೌಕ ಕಚ್ಚು, ಇನ್ನೊಂದಕ್ಕೆ ಅಷ್ಟೇ ಆಳದ ದುಂಡು ಕಚ್ಚು ಹಾಕಿ. ನಡುವೆ ಚೀಲ ಕಟ್ಟಿ ಒಂದೊಂದೇ ಕಲ್ಲು ಹಾಕುತ್ತಾ ಹೋಗಿ. ಯಾವುದು ಎಷ್ಟು ಕಲ್ಲಿಗೆ ಸೋತಿತು, ಸೀಳು ಎಲ್ಲಿಂದ ಹೊರಟಿತು, ಬರೆದಿಡಿ.