ಡೊನಾಲ್ಡನ ಮಕ್ಕಳು

ಕಳೆದ ವರ್ಷ ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬಿಸುವುದಕ್ಕೆಂದು ನಾನೂ ನಮ್ಮ ತಂದೆಯವರೂ ಪೇಟೆಯ ಕಂಪ್ಯೂಟರ್ ಅಂಗಡಿಯೊಂದಕ್ಕೆ ಹೋಗಿದ್ದೆವು. ಹೆಸರು, ಹುಟ್ಟಿದ ದಿನ, ವರಮಾನ ಎಲ್ಲವೂ ಸುಗಮವಾಗಿ ಮುಗಿದು, ಕೆಲಸ ‘ಸರ್‌ನೇಮ್’ ಎಂಬ ಕಾಲಮ್ಮಿಗೆ ಬಂದು ನಿಂತುಹೋಯಿತು. ನನಗೆ ಅಂಥದ್ದೇನೂ ಇಲ್ಲವೆಂದೆ. “ಖಾಲಿ ಬಿಟ್ಟರೆ ಅರ್ಜಿ ಮುಂದಕ್ಕೆ ಹೋಗಲ್ಲ” ಎಂದ ಅಂಗಡಿಯ ಹುಡುಗ. ಅಪ್ಪ ಕೈಮುಗಿದವರಂತೆ ನಿಂತು, “ನಮಗೆಲ್ಲಿ ಬರಬೇಕು ಸ್ವಾಮಿ ಮನೆತನದ ಹೆಸರು? ಬೇಕಾದ್ರೆ ಊರ ಹೆಸರು ಬರ್ಕೊಳ್ಳಿ” ಎಂದರು. ಹುಡುಗ ಅಪ್ಪನ ಹೆಸರನ್ನೇ ಒತ್ತಿ ಅರ್ಜಿಯನ್ನು ಮುಗಿಸಿದ. ಹಿಂದಿರುಗುವಾಗ ಬಸ್ಸಿನಲ್ಲಿ ಅಪ್ಪ ಕೇಳಿದರು: “ನನ್ನ ಹೆಸರು ನಿನಗೆ ಹೆಂಗೆ ಮನೆತನದ ಹೆಸರಾಯ್ತದೆ? ನಾನೇನು ಮನೆತನ ಕಟ್ಟಿದೋನಾ?” ಕಾಲೇಜು ಮೆಟ್ಟಿಲು ಹತ್ತಿದ ನಮ್ಮ ಮನೆಯ ಮೊದಲಿಗನಾದ ನನಗೆ ಆಗ ಉತ್ತರ ತೋಚಲಿಲ್ಲ.

ಆ ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡೇ ಪರೀಕ್ಷೆಗಾಗಿ ಆಧುನಿಕ ಭಾರತದ ಇತಿಹಾಸವನ್ನು ಓದುತ್ತಿದ್ದಾಗ ರ‍್ಯಾಮ್ಸೆ ಮ್ಯಾಕ್‌ಡೊನಾಲ್ಡ್ ಎಂಬ ಹೆಸರು ಎದುರಾಯಿತು. ೧೯೩೨ರ ಆಗಸ್ಟಿನಲ್ಲಿ ಕೋಮುವಾರು ತೀರ್ಪನ್ನು ನೀಡಿದ ಬ್ರಿಟಿಷ್ ಪ್ರಧಾನಮಂತ್ರಿ ಈತನೇ. ಆ ತೀರ್ಪಿನ ಫಲವಾಗಿ ಗಾಂಧೀಜಿಯವರ ಉಪವಾಸವೂ ಅಂಬೇಡ್ಕರರೊಡನೆ ಪೂನಾ ಒಪ್ಪಂದವೂ ನಡೆದುದನ್ನು ನಾವೆಲ್ಲರೂ ಓದಿದ್ದೇವೆ. ಆದರೆ ಈ ‘ಮ್ಯಾಕ್‌ಡೊನಾಲ್ಡ್’ ಎಂದರೇನು? ಬೆಂಗಳೂರಿನಲ್ಲಿ ಬನ್ನು ತಿನ್ನುವ ಅಂಗಡಿಯ ಹಲಗೆಯ ಮೇಲೂ ಅದೇ ಹೆಸರಿದೆಯಲ್ಲ! ಈ ಕುತೂಹಲವೇ ಪ್ರಸ್ತುತ ಲೇಖನಕ್ಕೆ ಕಾರಣ.

ಸ್ಕಾಟ್ಲೆಂಡಿನ ಉತ್ತರ ಹಾಗೂ ಪಶ್ಚಿಮದ ಬೆಟ್ಟಸೀಮೆಯಲ್ಲಿ, ಅಲ್ಲಿಯ ದ್ವೀಪಗಳಲ್ಲಿ ಹಿಂದೆ ವ್ಯಾಪಕವಾಗಿ ಬಳಕೆಯಲ್ಲಿದ್ದ ಭಾಷೆ ಗೇಲಿಕ್. ಆ ಭಾಷೆಯಲ್ಲಿ ‘ಮ್ಯಾಕ್’ ಎಂದರೆ ಮಗ. ‘ಡೊನಾಲ್ಡ್’ ಎಂಬುದು ‘ಡೋನಲ್’ ಎಂಬ ಗೇಲಿಕ್ ಹೆಸರಿನ ಇಂಗ್ಲಿಷ್ ರೂಪ. ಅದರ ಮೂಲದಲ್ಲಿ ಎರಡು ಪ್ರಾಚೀನ ಕೆಲ್ಟಿಕ್ ಪದಗಳಿವೆ: ಒಂದಕ್ಕೆ ಲೋಕವೆಂದೂ ಇನ್ನೊಂದಕ್ಕೆ ಆಳುವಿಕೆಯೆಂದೂ ಅರ್ಥ. ಅಂತೂ ಡೊನಾಲ್ಡನೆಂದರೆ ಲೋಕದ ಒಡೆಯ. ನಮ್ಮ ಲೋಕೇಶ, ಜಗದೀಶ ಎಂಬ ಹೆಸರುಗಳಿಗೂ ಇದೇ ಅರ್ಥವಲ್ಲವೆ? ಇದೇ ಮನೆತನದ ಹೆಣ್ಣುಮಕ್ಕಳಿಗೆ ಗೇಲಿಕ್ಕಿನಲ್ಲಿ ‘ಮ್ಯಾಕ್’ ಸಲ್ಲದು. ಅವರಿಗೆ ‘ನಿಕ್’ ಎಂಬ ಬೇರೆ ಪದವಿದೆ. ಇಂಗ್ಲಿಷ್ ದಾಖಲೆಗಳು ಗಂಡುಹೆಣ್ಣೆನ್ನದೆ ಎಲ್ಲರನ್ನೂ ‘ಮಗ’ನನ್ನಾಗಿ ಮಾಡಿಬಿಟ್ಟವು. ಇನ್ನೊಂದು ಸ್ವಾರಸ್ಯವೆಂದರೆ, ಇಂಥ ದೊಡ್ಡ ಕುಲಸಮೂಹಕ್ಕೆ ಹೇಳುವ ‘ಕ್ಲ್ಯಾನ್’ ಎಂಬ ಪದಕ್ಕೆ ಗೇಲಿಕ್ಕಿನಲ್ಲಿ ಇರುವ ಅರ್ಥ ‘ಮಕ್ಕಳು’ ಎಂದಷ್ಟೇ. ‘ಕ್ಲ್ಯಾನ್ ಡೊನಾಲ್ಡ್’ ಎಂದರೆ ಡೊನಾಲ್ಡನ ಮಕ್ಕಳು.

ಈ ಡೊನಾಲ್ಡನ ತಂದೆ ರ‍್ಯಾನಲ್ಡ್, ತಾತ ಸೊಮರ್ಲೆಡ್. ಈ ತಾತನೇ ಕಥೆಯ ನಿಜವಾದ ನಾಯಕ. ಹನ್ನೆರಡನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಪಶ್ಚಿಮದ ದ್ವೀಪಗಳು ನಾರ್ವೆ ಮೂಲದ ಅರಸರ ಕೈಯಲ್ಲಿದ್ದವು. ಸೊಮರ್ಲೆಡ್ ಆ ಮನೆತನದ ರಾಜಕುಮಾರಿ ರ‍್ಯಾಗ್ನ್‌ಹಿಲ್ಡಳನ್ನು ಮದುವೆಯಾದ. ೧೧೫೬ರಲ್ಲಿ ಸಮುದ್ರದ ಮೇಲೆ ಯುದ್ಧ ಮಾಡಿ ತನ್ನ ಭಾವಮೈದುನನಿಂದಲೇ ಹಲವು ದ್ವೀಪಗಳನ್ನು ಕಿತ್ತುಕೊಂಡ. ೧೧೬೪ರಲ್ಲಿ ಸ್ಕಾಟ್ಲೆಂಡಿನ ಅರಸನ ಮೇಲೆ ದಂಡೆತ್ತಿ ಹೋಗಿ ರೆನ್‌ಫ್ರೂ ಬಳಿ ಮಡಿದ. ಅವನ ಸಂತತಿಯವರು ಮುಂದೆ ‘ದ್ವೀಪಗಳ ಪ್ರಭು’ಗಳೆಂದು ಮೆರೆದರು, ೧೪೯೩ರಲ್ಲಿ ಸ್ಕಾಟ್ಲೆಂಡಿನ ರಾಜಸತ್ತೆ ಆ ಪ್ರಭುತ್ವವನ್ನು ಕಸಿದುಕೊಂಡಿತು. ಕುಲದ ವಂಶಾವಳಿಗಾರರು ಸೊಮರ್ಲೆಡ್ಡನ ಮೂಲವನ್ನು ಐರ್ಲೆಂಡಿನ ಪುರಾತನ ರಾಜರವರೆಗೆ ಕೊಂಡೊಯ್ದು ಹಾಡಿ ಹೊಗಳಿದರು. ನಾರ್ವೆಯವರನ್ನು ಓಡಿಸಿದ ಅಪ್ಪಟ ಗೇಲಿಕ್ ವೀರನೆಂಬುದೇ ಅವನ ಕೀರ್ತಿಯಾಯಿತು. ಆದರೆ ಅವನ ಹೆಸರೇ ಬೇರೊಂದು ಕಥೆಯನ್ನು ಸೂಚಿಸುತ್ತಿತ್ತು. ‘ಸೊಮರ್ಲೆಡ್’ ಎಂಬುದು ನಾರ್ವೆಯವರ ಹಳೆಯ ಭಾಷೆಯ ಮಾತು. ಬೇಸಗೆಯಲ್ಲಿ ಹಡಗೇರಿ ಹೋಗುವವನು ಎಂದು ಅದರ ಅರ್ಥ.

ಇಲ್ಲಿ ವಿಜ್ಞಾನ ಪ್ರವೇಶಿಸುತ್ತದೆ. ಗಂಡಸಿನ ಜೀವಕೋಶದಲ್ಲಿರುವ ‘ವೈ’ ಎಂಬ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ ಬರುವಂಥದು. ತಲೆಮಾರಿನಿಂದ ತಲೆಮಾರಿಗೆ ಅದು ಬಹುಮಟ್ಟಿಗೆ ಹಾಗೆಯೇ ಸಾಗುತ್ತದೆ. ಯಾವಾಗಲೋ ಒಮ್ಮೆ ಒಂದು ಸಣ್ಣ ಮಾರ್ಪಾಡು ಆಗುತ್ತದೆ, ಆದದ್ದು ಮುಂದಿನವರಲ್ಲಿ ಗುರುತಾಗಿ ಉಳಿಯುತ್ತದೆ. ಮನೆತನದ ಹೆಸರೂ ತಂದೆಯಿಂದ ಮಗನಿಗೆ ಬರುವಂಥದೇ. ಹೀಗಾಗಿ ಹೆಸರೂ ವರ್ಣತಂತುವೂ ಒಂದೇ ಬಂಡಿಯ ಎರಡು ಚಕ್ರಗಳಂತೆ ಜೊತೆಯಾಗಿ ಉರುಳಬೇಕು. ಉರುಳುತ್ತವೆಯೇ?

ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ತಳಿವಿಜ್ಞಾನಿ ಬ್ರಯನ್ ಸೈಕ್ಸ್ ಇದನ್ನು ಪರೀಕ್ಷಿಸಿದರು. ೨೦೦೩ರಲ್ಲಿ ಪ್ರಕಟವಾದ ‘ಆಡಮ್ಸ್ ಕರ್ಸ್’ ಎಂಬ ಗ್ರಂಥದಲ್ಲಿ ಆ ವಿವರವಿದೆ. ಕ್ಲ್ಯಾನ್ ಡೊನಾಲ್ಡಿಗೆ ಸೇರಿದ ಬೇರೆ ಬೇರೆ ಶಾಖೆಗಳ ಐವರು ಮುಖ್ಯಸ್ಥರ ‘ವೈ’ ವರ್ಣತಂತು ಒಂದೇ ಬಗೆಯದಾಗಿತ್ತು. ಸೊಮರ್ಲೆಡ್ಡನ ಇನ್ನೊಬ್ಬ ಮಗ ಡೂಗಲ್‌ನಿಂದ ಬಂದ ಮ್ಯಾಕ್‌ಡೂಗಲ್ ಹೆಸರಿನವರಲ್ಲಿಯೂ ಹಲವರಲ್ಲಿ ಅದೇ ಗುರುತು ಸಿಕ್ಕಿತು. ಅಣ್ಣತಮ್ಮಂದಿರ ಎರಡು ಕವಲುಗಳಲ್ಲಿ ಒಂದೇ ಗುರುತು ಇದ್ದರೆ, ಅದು ಕವಲೊಡೆಯುವುದಕ್ಕೆ ಮೊದಲೇ ಇದ್ದಿರಬೇಕಷ್ಟೆ. ಆದ್ದರಿಂದ ಅದು ಸೊಮರ್ಲೆಡ್ಡನದೇ ಎಂದು ಸೈಕ್ಸ್ ತೀರ್ಮಾನಿಸಿದರು. ಆ ಗುರುತು ‘ಆರ್-೧-ಎ’ ಎಂಬ ಗುಂಪಿನದು. ಅದರಲ್ಲಿಯೂ ನಾರ್ವೆಯ ಕಡೆ ಹೆಚ್ಚಾಗಿ ಕಂಡುಬರುವ ಕವಲಿನದು. ಎಂದರೆ, ನಾರ್ವೆಯವರನ್ನು ಓಡಿಸಿದನೆಂದು ಹಾಡಿಸಿಕೊಂಡ ವೀರನು ತಂದೆಯ ಕಡೆಯಿಂದ ನಾರ್ವೆಯವರ ವಂಶದವನೇ! ಈ ‘ಆರ್-೧-ಎ’ ಗುಂಪು ನಮ್ಮ ದೇಶದಲ್ಲಿಯೂ ಹೇರಳವಾಗಿದೆ. ಹಾಗೆಂದು ಯಾರೂ ಮ್ಯಾಕ್‌ಡೊನಾಲ್ಡರೊಡನೆ ದಾಯಾದಿತನ ಹೂಡಬೇಕಾಗಿಲ್ಲ. ನಮ್ಮಲ್ಲಿರುವ ಕವಲೂ ಅವರ ಕವಲೂ ಸುಮಾರು ಐದು ಸಾವಿರ ವರ್ಷಗಳ ಹಿಂದೆಯೇ ಬೇರೆಯಾದವು.

ಮುಖ್ಯ ವಿಷಯ ಇನ್ನು ಮುಂದಿದೆ. ಮುಖ್ಯಸ್ಥರನ್ನು ಬಿಟ್ಟು ಸಾಮಾನ್ಯ ಮ್ಯಾಕ್‌ಡೊನಾಲ್ಡರನ್ನು ಪರೀಕ್ಷಿಸಿದಾಗ, ಸೊಮರ್ಲೆಡ್ಡನ ಗುರುತು ಅವರಲ್ಲಿ ಒಂದು ಸಣ್ಣ ಪಾಲಿಗೆ ಮಾತ್ರ ಇತ್ತು. ಬಹುಪಾಲಿನವರು ಹೆಸರಿನಿಂದ ಡೊನಾಲ್ಡನ ಮಕ್ಕಳು, ವರ್ಣತಂತುವಿನ ಲೆಕ್ಕದಲ್ಲಿ ಅಲ್ಲ. ಇದಕ್ಕೆ ಕಾರಣ ಸರಳವಾದುದು. ಬೆಟ್ಟಸೀಮೆಯ ಬಡ ರೈತನಿಗೆ ಬಹುಕಾಲ ಸ್ಥಿರವಾದ ಮನೆತನದ ಹೆಸರೇ ಇರಲಿಲ್ಲ. ಇಂಥವನ ಮಗ ಇಂಥವನು, ಅವನು ಇಂಥವನ ಮಗ ಎಂದು ನಮ್ಮ ಹಳ್ಳಿಯವರಂತೆಯೇ ಹೇಳಿಕೊಳ್ಳುತ್ತಿದ್ದನು. ಗೇಣಿಯ ಪಟ್ಟಿ, ಚರ್ಚಿನ ದಾಖಲೆ, ಸೈನ್ಯದ ಹಾಜರಿ ಇವು ಬಂದು ಹೆಸರೊಂದನ್ನು ಕೇಳಿದಾಗ, ಯಾರ ನೆಲದಲ್ಲಿ ಉಳುತ್ತಿದ್ದನೋ, ಯಾರ ರಕ್ಷಣೆಯಲ್ಲಿದ್ದನೋ ಆ ಮುಖ್ಯಸ್ಥನ ಹೆಸರನ್ನೇ ಎಷ್ಟೋ ಜನ ಬರೆಸಿದರು. ಕಂಪ್ಯೂಟರ್ ಅಂಗಡಿಯ ಮುಂದೆ ನಿಂತ ನಮ್ಮ ಅಪ್ಪನ ಚಿತ್ರ ಇಲ್ಲಿ ನನ್ನ ಕಣ್ಣಿಗೆ ಕಟ್ಟಿತು.

ಹಾಗಾದರೆ ಅವರು ಸುಳ್ಳು ಮ್ಯಾಕ್‌ಡೊನಾಲ್ಡರೆ? ೧೬೯೨ರ ಫೆಬ್ರವರಿ ೧೩ರ ನಸುಕಿನಲ್ಲಿ ಗ್ಲೆಂಕೋ ಕಣಿವೆಯ ಮ್ಯಾಕ್‌ಡೊನಾಲ್ಡರ ಮೇಲೆ ಸರ್ಕಾರದ ಸೈನಿಕರು ಎರಗಿದರು. ಹೊಸ ದೊರೆಗೆ ನಿಷ್ಠೆಯ ಪ್ರಮಾಣ ಮಾಡಲು ಅಲ್ಲಿಯ ಮುಖ್ಯಸ್ಥ ಕೆಲವು ದಿನ ತಡಮಾಡಿದ್ದನೆಂಬುದೇ ಅಪರಾಧ. ಎರಡು ವಾರಗಳ ಹತ್ತಿರ ಆ ಮನೆಗಳಲ್ಲಿಯೇ ಅತಿಥಿಗಳಾಗಿ ಉಂಡಿದ್ದ ಸೈನಿಕರು ಸುಮಾರು ೩೮ ಜನರನ್ನು ಕೊಂದರು. ಓಡಿಹೋದವರಲ್ಲಿ ಹಲವರು ಹಿಮದಲ್ಲಿ ಸತ್ತರು. ಅಂದು ಯಾರೂ ಯಾರ ರಕ್ತವನ್ನೂ ಪರೀಕ್ಷಿಸಲಿಲ್ಲ. ಆ ಹೆಸರಿನಡಿಯಲ್ಲಿ ಬಾಳಿದವರು ಆ ಹೆಸರಿಗಾಗಿ ಸತ್ತರು. ಅವರನ್ನು ಸುಳ್ಳು ಮ್ಯಾಕ್‌ಡೊನಾಲ್ಡರೆನ್ನಲು ಯಾವ ಪ್ರಯೋಗಾಲಯಕ್ಕೂ ಅಧಿಕಾರವಿಲ್ಲವೆಂದು ನನ್ನ ಭಾವನೆ.

ಲೆಕ್ಕದಿಂದಲೂ ಈ ಮಾತನ್ನು ನೋಡಬಹುದು. ನಮಗೆ ಇಬ್ಬರು ತಂದೆತಾಯಿಗಳು, ನಾಲ್ವರು ಅಜ್ಜ ಅಜ್ಜಿಯರು. ಹತ್ತು ತಲೆಮಾರು ಹಿಂದಕ್ಕೆ ಹೋದರೆ ಪೂರ್ವಜರ ಸ್ಥಾನಗಳು ೧,೦೨೪. ಇಪ್ಪತ್ತು ತಲೆಮಾರಿಗೆ ೧೦,೪೮,೫೭೬. ಇವುಗಳಲ್ಲಿ ‘ವೈ’ ವರ್ಣತಂತು ಹೇಳುವುದು ಒಂದೇ ಒಂದು ಸ್ಥಾನದ ಸಂಗತಿ. ಉಳಿದ ಹತ್ತು ಲಕ್ಷಕ್ಕೆ ಅದು ಮೂಕ. ತಾಯಂದಿರೊಬ್ಬರೂ ಅದರ ಲೆಕ್ಕದಲ್ಲಿಲ್ಲ. ಆ ಒಂದು ಎಳೆಯನ್ನು ಹಿಡಿದು ಕುಲದ ಹಿರಿಮೆಯನ್ನು ಅಳೆಯುವುದು ಒಂದು ಹನಿಯನ್ನು ತೋರಿಸಿ ಇದೇ ಕೆರೆ ಎಂದಂತೆ.

ಈಗ ರ‍್ಯಾಮ್ಸೆ ಮ್ಯಾಕ್‌ಡೊನಾಲ್ಡನ ಕಡೆಗೆ ಮರಳೋಣ. ಆತ ೧೮೬೬ರಲ್ಲಿ ಸ್ಕಾಟ್ಲೆಂಡಿನ ಲಾಸೀಮೌತ್ ಎಂಬ ಮೀನುಗಾರರ ಊರಿನಲ್ಲಿ ಹುಟ್ಟಿದ. ತಾಯಿ ಆನ್ ರ‍್ಯಾಮ್ಸೆ, ತಂದೆ ಜಾನ್ ಮ್ಯಾಕ್‌ಡೊನಾಲ್ಡ್. ತಂದೆ ಹೊಲದಲ್ಲಿ ಕೂಲಿ ಮಾಡುವವನು, ತಾಯಿ ಮನೆಗೆಲಸದವಳು. ಅವರಿಗೆ ಮದುವೆಯಾಗಿರಲಿಲ್ಲ. ಜನನ ದಾಖಲೆಯಲ್ಲಿ ಮಗುವಿನ ಹೆಸರು ಜೇಮ್ಸ್ ಮ್ಯಾಕ್‌ಡೊನಾಲ್ಡ್ ರ‍್ಯಾಮ್ಸೆ ಎಂದಾಯಿತು. ಸಾಕಿದವರು ತಾಯಿ ಮತ್ತು ಅಜ್ಜಿ. ಮುಂದೆ ಆತ ಯುದ್ಧವನ್ನು ವಿರೋಧಿಸಿದಾಗ, ೧೯೧೫ರಲ್ಲಿ ‘ಜಾನ್ ಬುಲ್’ ಎಂಬ ಪತ್ರಿಕೆ ಆ ಜನನ ಪತ್ರವನ್ನೇ ಅಚ್ಚುಹಾಕಿ, ಹೆಸರು ಹೇಳಿಕೊಳ್ಳಲೂ ಹಕ್ಕಿಲ್ಲದವನೆಂದು ಊರಿಗೆಲ್ಲ ಸಾರಿತು. ಒಂಬತ್ತು ವರ್ಷಗಳ ತರುವಾಯ, ೧೯೨೪ರಲ್ಲಿ, ಆತ ಬ್ರಿಟನ್ನಿನ ಮೊದಲನೆಯ ಕಾರ್ಮಿಕ ಪಕ್ಷದ ಪ್ರಧಾನಮಂತ್ರಿಯಾದ. ಅವನ ರಾಜಕೀಯವನ್ನು ನಾವು ಒಪ್ಪಬಹುದು, ಬಿಡಬಹುದು. ಆದರೆ ಲೋಕ ನಿನ್ನದಲ್ಲವೆಂದ ಹೆಸರನ್ನು ಆತ ಬಿಡಲಿಲ್ಲವೆಂಬುದು ನನಗೆ ದೊಡ್ಡದಾಗಿ ಕಂಡಿತು.

ನಮ್ಮ ನಾಡಿನಲ್ಲಿಯೂ ಉತ್ತರದ ಜಿಲ್ಲೆಗಳವರಿಗೆ ಅಡ್ಡಹೆಸರುಂಟು. ಮೈಸೂರು ಸೀಮೆಯ ನಮ್ಮಂಥವರಿಗೆ ಊರಿನದೊಂದು, ತಂದೆಯದೊಂದು ಅಕ್ಷರ ಮಾತ್ರ. ಅದು ಕೊರತೆಯೆಂದು ಅಂದು ನಾಚಿದ್ದೆ. ಮೊನ್ನೆ ಊರಿಗೆ ಹೋದಾಗ ಅಪ್ಪನಿಗೆ ಈ ಕಥೆಯನ್ನೆಲ್ಲ ಹೇಳಿದೆ. ಲೋಕಪ್ರಸಿದ್ಧವಾದ ಆ ಮನೆತನದ ಹೆಸರಿಗೂ ‘ಇಂಥವನ ಮಗ’ ಎಂಬುದಕ್ಕಿಂತ ಹೆಚ್ಚಿನ ಅರ್ಥವಿಲ್ಲ, ಅರ್ಜಿಯಲ್ಲಿ ನಾವು ಬರೆಸಿದ್ದೂ ಅದನ್ನೇ ಎಂದೆ. ಅಪ್ಪ ಕೇಳಿ, ಎಲೆಯಡಿಕೆಗೆ ಸುಣ್ಣ ಸವರುತ್ತ, “ಅಂಗಾದ್ರೆ ಸರಿ ಬಿಡು, ಅದು ಅಲ್ಲೇ ಇರ‍್ಲಿ. ನಾಳೆ ನಿನ್ನ ಮಗನ ಅರ್ಜಿಗೆ ನಿನ್ನ ಹೆಸರು ಹಾಕ್ಸು” ಎಂದರು.