ಬೆಲೆ ಕಟ್ಟಬೇಕಾದ್ದು ಜಾಗಕ್ಕಲ್ಲ, ವರಮಾನಕ್ಕೆ

ಪ್ರಶ್ನೆ: ಮದುವೆಯಾಗಿ ಹದಿನಾಲ್ಕು ವರ್ಷ. ಮಕ್ಕಳಿಗಾಗಿ ಶಾಲೆಯ ಕೆಲಸ ಬಿಟ್ಟೆ. ಈಗ ಯಜಮಾನರು ಡೈವೋರ್ಸ್ ಕೇಳುತ್ತಿದ್ದಾರೆ. ಎಂಟು ಎಕರೆ ಕಾಫಿ ತೋಟ ಜಮ್ಮಾ ಜಾಗ, ಒಕ್ಕದ್ದು. 'ನನ್ನ ಹೆಸರಲ್ಲಿ ಏನೂ ಇಲ್ಲ, ಐದು ಲಕ್ಷ ಕೊಡ್ತೇನೆ, ಸಹಿ ಹಾಕು' ಎನ್ನುತ್ತಾರೆ. ತೋಟಕ್ಕೆ ಬೆಲೆ ಕಟ್ಟಿಸಿದರೆ ಅರ್ಧ ನನಗೆ ಬರುವುದಿಲ್ಲವೇ? ನನ್ನ ಒಡವೆಗಳೂ ಅತ್ತೆಯ ಬಳಿಯೇ ಇವೆ.
— ಹೆಸರು ಬೇಡ, ಕುಟ್ಟ

ಉತ್ತರ: ಸಹೋದರಿ, ಈಗ ಸಹಿ ಹಾಕಬೇಡಿ. ಅರ್ಧ ತೋಟ ಸಿಗುತ್ತದೆಂದೂ ನಂಬಿ ಕೂರಬೇಡಿ. ವಿಚ್ಛೇದನವಾದರೆ ಗಂಡನ ಆಸ್ತಿಯನ್ನು ಸಮಪಾಲು ಮಾಡುವ ನಿಯಮ ನಮ್ಮ ಕಾನೂನಿನಲ್ಲಿಲ್ಲ; ಒಕ್ಕದ, ಅಂದರೆ ಇಡೀ ಮನೆತನಕ್ಕೆ ಸೇರಿದ ಪಾರಂಪರಿಕ ಜಮ್ಮಾ ಜಾಗದಲ್ಲಂತೂ ನೀವು ಪಾಲು ಕೇಳಲಾಗದು. ಆದರೆ ಆ ತೋಟದಿಂದ ಅವರ ಕೈಸೇರುವ ಹಣ ಕೋರ್ಟಿನ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಬಲವಿರುವುದು ಅಲ್ಲೇ.

1955ರ ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿನಲ್ಲಿ ಕೇಸು ನಡೆಯುವಷ್ಟು ಕಾಲದ ಜೀವನಾಂಶ, 25ನೇ ಕಲಮಿನಲ್ಲಿ ಶಾಶ್ವತ ಜೀವನಾಂಶ ಕೇಳಬಹುದು. ರಜನೀಶ್–ನೇಹಾ ಪ್ರಕರಣದಲ್ಲಿ (ನವೆಂಬರ್ 4, 2020) ಸುಪ್ರೀಂ ಕೋರ್ಟ್, ಗಂಡ–ಹೆಂಡತಿ ಇಬ್ಬರೂ ಆಸ್ತಿ, ಸಾಲ, ಆದಾಯದ ಅಫಿಡವಿಟ್ ಸಲ್ಲಿಸಬೇಕೆಂದಿತು. ಕೃಷಿಕರಿಗೆ ಬೇರೆಯೇ ನಮೂನೆಯಿದೆ. ನೀವೂ ನಿಮ್ಮ ಗಳಿಕೆಯನ್ನು ಮುಚ್ಚಿಡದೆ ಬರೆಯಬೇಕು. ಸಂಸಾರಕ್ಕಾಗಿ ಕೆಲಸ ಬಿಟ್ಟದ್ದನ್ನು ಪರಿಗಣಿಸಬೇಕು, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದ ಕೊಡಿಸಬೇಕು ಎಂದೂ ಅದೇ ತೀರ್ಪು ಹೇಳಿದೆ. ಆದ್ದರಿಂದ ತಡಮಾಡಬೇಡಿ.

ಪಹಣಿ, ಕಾಫಿ–ಕರಿಮೆಣಸು ಮಾರಿದ ಬಿಲ್ಲು, ಪಾಸ್‌ಬುಕ್, ಬೆಳೆಸಾಲದ ಕಾಗದ, ಸಿಕ್ಕಷ್ಟರ ಪ್ರತಿ ಇಟ್ಟುಕೊಳ್ಳಿ. ರೊಬಸ್ಟಾ ಧಾರಣೆ ಏರಿದ ಒಂದು ವರ್ಷವನ್ನು ನೀವು ಹಿಡಿಯುವುದೂ, ಕುಸಿದ ಒಂದು ವರ್ಷವನ್ನು ಅವರು ಹಿಡಿಯುವುದೂ ಸರಿಯಲ್ಲ. ಕೆಲವು ವರ್ಷಗಳ ಮಾರಾಟದಿಂದ ಗೊಬ್ಬರ, ಕೊಯ್ಲಿನ ಕೂಲಿ ಕಳೆದು ಸರಾಸರಿ ತೆಗೆಯಿರಿ. ಅವರ ಸ್ವಂತ ಹೆಸರಿನಲ್ಲಿ ಸೈಟು, ಮನೆ ಇದ್ದರೆ ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರ ನೋಡಿ. ಅದು ಮುದ್ರಾಂಕ ಶುಲ್ಕಕ್ಕೆ ಗೊತ್ತುಮಾಡಿದ್ದು, ಪೇಟೆಯ ಬೆಲೆ ಬೇರೆ ಇರಬಹುದು. ಅಂಥ ಆಸ್ತಿಯನ್ನು ಜೀವನಾಂಶಕ್ಕೆ ಭದ್ರತೆಯಾಗಿಸಲು 25ನೇ ಕಲಮಿನಲ್ಲೇ ಅವಕಾಶವಿದೆ.

ತವರಿನವರು ಕೊಟ್ಟ ಜೋಮಾಲೆ, ಕೊಕ್ಕೆತಾತಿ ನಿಮ್ಮ ಸ್ತ್ರೀಧನ. ಯಾರ ಪೆಟ್ಟಿಗೆಯಲ್ಲಿದ್ದರೂ ಅದು ನಿಮ್ಮದೇ ಎಂದು 1985ರಲ್ಲೇ ಸುಪ್ರೀಂ ಕೋರ್ಟ್ ಪ್ರತಿಭಾ ರಾಣಿ ಪ್ರಕರಣದಲ್ಲಿ ಹೇಳಿದೆ. ಮದುವೆಯ ಫೋಟೊ, ಅಂಗಡಿಯ ರಸೀದಿ ಹುಡುಕಿಡಿ. ಇವುಗಳನ್ನು ಐದು ಲಕ್ಷದಲ್ಲಿ ಸೇರಿಸಿ ಮುಗಿಸಲು ಬಿಡಬೇಡಿ. ಮಕ್ಕಳ ಖರ್ಚು ಇನ್ನೂ ಬೇರೆ; ಅದು ಮಕ್ಕಳ ಹಕ್ಕು.

ವಕೀಲರ ಫೀಜಿಗೆ ಹೆದರಬೇಡಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. 15100ಕ್ಕೆ ಕರೆ ಮಾಡಿ, ಇಲ್ಲವೇ ಮಡಿಕೇರಿಯ ಜಿಲ್ಲಾ ಪ್ರಾಧಿಕಾರಕ್ಕೆ ಹೋಗಿ. ಲೆಕ್ಕವೆಲ್ಲ ಮೇಜಿನ ಮೇಲೆ ಬಂದ ನಂತರ ರಾಜಿ ಮಾಡಿಕೊಂಡರೂ ತಪ್ಪಿಲ್ಲ. ಆಗ ಎಷ್ಟಕ್ಕೆ ಒಪ್ಪುತ್ತಿದ್ದೀರಿ, ಏಕೆ ಒಪ್ಪುತ್ತಿದ್ದೀರಿ ಎಂಬುದು ನಿಮಗೆ ತಿಳಿದಿರುತ್ತದೆ.