ಮಾವನ ಪದಕಕ್ಕೆ ರೇಟೆಷ್ಟು?

ಬೆಳ್ಳಿಯ ರೇಟು ಏರಿದಾಗಲೆಲ್ಲ ಮನೆಯ ಹಳೇ ಡಬ್ಬಿಗಳ ಮುಚ್ಚಳ ತೆರೆಯುತ್ತದೆ. ನೆರಿಯದ ನಮ್ಮ ಕುಟುಂಬದ ಮನೆಯಲ್ಲೂ ಹಾಗೇ ಆಯಿತು. ತೋಟದ ಪಾಲಿನ ಮಾತು ಮುಗಿದ ಮೇಲೆ ಸೋದರಮಾವನ ಮಗ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ಮುಂದಿಟ್ಟ. "ಭಾವ, ಬ್ಯಾಂಕಿನಲ್ಲಿದ್ದವರು ನೀವು. ಇದಕ್ಕೆ ಎಷ್ಟು ಸಿಕ್ಕೀತು?"

ಮಾವ 1971ರ ಯುದ್ಧದಲ್ಲಿ ಪೂರ್ವ ರಂಗದಲ್ಲಿದ್ದ ಕ್ಯಾಪ್ಟನ್. ಡಬ್ಬಿಯಲ್ಲಿ ಪೂರ್ವಿ ಸ್ಟಾರ್, ಸಂಗ್ರಾಮ ಪದಕ, ಸ್ವಾತಂತ್ರ್ಯದ 25ನೇ ವರ್ಷದ ಪದಕ, ಹೆಗಲ ಮೇಲಿನ ನಕ್ಷತ್ರಗಳು. "ಬೆಳ್ಳಿ ಉಂಟಾ ಇದರಲ್ಲಿ?" "ಇಲ್ಲ ಮಾರಾಯ." ಲೋಹದ ಲೆಕ್ಕ ಅಲ್ಲಿಗೇ ಮುಗಿಯಿತು.

ಬೆಳ್ಳಿಯದ್ದೇ ಆಗಿದ್ದರೂ ಕರಗಿಸುವುದು ನಷ್ಟದ ವ್ಯಾಪಾರ. ಮೊದಲ ಮಹಾಯುದ್ಧದ 'ಬ್ರಿಟಿಷ್ ವಾರ್ ಮೆಡಲ್' ಸುಮಾರು 1 ಔನ್ಸ್ ಬೆಳ್ಳಿಯದು. 1980ರ ಜನವರಿಯಲ್ಲಿ ಬೆಳ್ಳಿ ಔನ್ಸಿಗೆ 50 ಡಾಲರ್ ಹತ್ತಿರ ಹೋದಾಗ ಅಂಥ ಎಷ್ಟೋ ಪದಕಗಳು ಮೂಸೆಗೆ ಬಿದ್ದವು. ಅವುಗಳ ಅಂಚಿನಲ್ಲಿ ಸೈನಿಕನ ಹೆಸರು, ನಂಬರು, ರೆಜಿಮೆಂಟು ಒತ್ತಿರುತ್ತಿತ್ತು. ಸಂಗ್ರಾಹಕರು ದುಡ್ಡು ಕೊಡುವುದು ಆ ಅಂಚಿಗೆ. ಹೆಸರು ಗೊತ್ತಾದರೆ ಆತ ಎಲ್ಲಿ ಹೋರಾಡಿದ ಎಂದು ಹುಡುಕಬಹುದು. ಸೇವಾ ದಾಖಲೆ, ಕಾಗದಪತ್ರ, ಫೋಟೊ ಜೊತೆಗಿದ್ದರೆ ಬೆಲೆ ಏರುತ್ತದೆ. ಒಬ್ಬನ ಪದಕಗಳನ್ನು ಮಕ್ಕಳು ಒಂದೊಂದಾಗಿ ಹಂಚಿಕೊಂಡರೆ ಇಳಿಯುತ್ತದೆ. ನಮ್ಮಲ್ಲೂ "ಮೂವರಿಗೆ ಒಂದೊಂದು" ಎಂಬ ಮಾತು ಬಂದಿತ್ತು, ನಾನು ಬಿಡಲಿಲ್ಲ.

ಬೆಂಗಳೂರಿನ ಪರಿಚಯದ ವ್ಯಾಪಾರಿಯೊಬ್ಬರಿಗೆ ಫೋಟೊ ಕಳಿಸಿದೆ. ಅವರು ಹೇಳಿದ ಮೊತ್ತಕ್ಕೆ ಒಂದು ಸಾಧಾರಣ ಮೊಬೈಲೂ ಬಾರದು. ಕಾರಣ ಸರಳ: ಯುದ್ಧದಲ್ಲಿದ್ದ ಎಲ್ಲರಿಗೂ ಸಿಕ್ಕ ಪದಕ ಮಾರುಕಟ್ಟೆಯಲ್ಲಿ ಧಾರಾಳ. ಹಣ ಹೂಡುವ ಉದ್ದೇಶದಿಂದ ಇಂಥವನ್ನು ಕೊಳ್ಳಲು ಹೊರಟವರಿಗೆ ನನ್ನ ಸಲಹೆ, ಬೇಡ. ನಕಲಿ ಎಷ್ಟು ಬೇಕಾದರೂ ಸಿಗುತ್ತದೆ. ತುರ್ತಿಗೆ ಕೊಳ್ಳುವವರು ಸಿಗುವುದಿಲ್ಲ.

ಕಳ್ಳಮಾಲಿನ ಭಯವೂ ಉಂಟು. ನಾಯಕ್ ಕೃಪಾರಾಮ್ 1945ರ ಸೆಪ್ಟೆಂಬರ್ 12ರಂದು ನಮ್ಮದೇ ರಾಜ್ಯದ ತೊಂಡೇಬಾವಿಯಲ್ಲಿ, ಗುಂಡಿನ ತರಬೇತಿಯ ನಡುವೆ ತನ್ನವರ ಹತ್ತಿರ ಬಿದ್ದ ಗ್ರೆನೇಡಿನ ಕಡೆ ನುಗ್ಗಿ ಅವರನ್ನು ಉಳಿಸಿ ತಾನು ಸತ್ತವರು. ಮರಣೋತ್ತರವಾಗಿ ಬಂದ ಜಾರ್ಜ್ ಕ್ರಾಸ್ ಶೌರ್ಯ ಪದಕ ಹಿಮಾಚಲದ ಅವರ ಮನೆಯಿಂದ 2002ರಲ್ಲಿ ಕಳವಾಗಿ, 2009ರಲ್ಲಿ ಲಂಡನ್ನಿನ ಹರಾಜಿನ ಪಟ್ಟಿಯಲ್ಲಿ ಕಾಣಿಸಿತು. ಆಕ್ಷೇಪ ಎದ್ದ ಮೇಲೆ ಹರಾಜು ನಿಂತಿತು. ಅಂಥದ್ದನ್ನು ತಿಳಿಯದೆ ಕೊಂಡವನ ದುಡ್ಡು ಎಲ್ಲಿಗೆ ಹೋದೀತು?

ಕಾನೂನೂ ಸ್ವಲ್ಪ ತಿಳಿದಿರಲಿ. ಸೇವೆಯಲ್ಲಿರುವ ಸೈನಿಕ ತನಗೆ ಸಿಕ್ಕ ಪದಕವನ್ನು ಮಾರುವುದು, ಅಡವಿಡುವುದು 1950ರ ಸೇನಾ ಕಾಯ್ದೆಯ ಪ್ರಕಾರ ಅಪರಾಧ. ನೂರು ವರ್ಷ ದಾಟಿದ ಚಾರಿತ್ರಿಕ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಬರಬಹುದು. ಅಂಥದ್ದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಅಂದರೆ ಅಜ್ಜನ ಕಾಲದ ಮೊದಲ ಮಹಾಯುದ್ಧದ ಪದಕವನ್ನು ವಿದೇಶದ ಗಿರಾಕಿಗೆ ಪಾರ್ಸೆಲ್ ಮಾಡುವ ಮೊದಲು ವಿಚಾರಿಸಿ.

ಪದಕದಲ್ಲಿ ನಿಜವಾದ ದುಡ್ಡು ಬೇರೆ ಕಡೆ ಇದೆ. ಶೌರ್ಯ ಪದಕಗಳಿಗೆ ಕೇಂದ್ರ ಸರ್ಕಾರದ ಮಾಸಿಕ ಭತ್ಯೆ ಉಂಟು. 2017ರ ಪರಿಷ್ಕರಣೆಯಲ್ಲಿ ಪರಮವೀರ ಚಕ್ರಕ್ಕೆ 20,000, ಮಹಾವೀರ ಚಕ್ರಕ್ಕೆ 10,000, ವೀರ ಚಕ್ರಕ್ಕೆ 7,000, ಶೌರ್ಯಕ್ಕಾಗಿ ಕೊಡುವ ಸೇನಾ ಪದಕಕ್ಕೆ 2,000 ರೂಪಾಯಿ ಆಯಿತು. ಸೈನಿಕ ತೀರಿಕೊಂಡ ಮೇಲೆ ಪತ್ನಿಗೆ ಸಲ್ಲುತ್ತದೆ. ಈ ಮೂರು ಚಕ್ರಗಳನ್ನು ಪಡೆದವರ ಪಿಂಚಣಿಗೆ, ಕುಟುಂಬ ಪಿಂಚಣಿಗೂ ಆದಾಯ ತೆರಿಗೆ ಇಲ್ಲ. ಮಾವನದ್ದು ಶೌರ್ಯ ಪದಕ ಅಲ್ಲ, ಅತ್ತೆಗೆ ಭತ್ಯೆ ಇಲ್ಲ. ಆದರೆ ನಿಮ್ಮ ಮನೆಯ ಡಬ್ಬಿಯಲ್ಲಿ ಇಂಥದ್ದಿದ್ದರೆ ಅಕ್ಕಸಾಲಿಗನ ಹತ್ತಿರ ಹೋಗುವ ಮುಂಚೆ ಮಂಗಳೂರಿನ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಡಿಸ್ಚಾರ್ಜ್ ಪುಸ್ತಕ ಹಿಡಿದು ಹೋಗಿ.

ಇಟ್ಟುಕೊಳ್ಳುವುದಾದರೆ ನಮ್ಮ ಮಳೆಯೇ ಶತ್ರು. ಚಾರ್ಮಾಡಿಯ ಬುಡದ ಊರಲ್ಲಿ ಆಟಿ ತಿಂಗಳಿಗೆ ರಿಬ್ಬನ್ನಿಗೆ ಬೂಸರು ಹಿಡಿಯುತ್ತದೆ. ಮಾವನ ಮಗ ಹುಣಸೆಹುಳಿ ಹಾಕಿ ತಿಕ್ಕಲು ಹೊರಟಿದ್ದ, ದೀಪದ ಕಂಬದಂತೆ! ತಿಕ್ಕಿದರೆ ಅಂಚಿನ ಅಕ್ಷರ ಸವೆಯುತ್ತದೆ, ಬೆಲೆಯೂ. ಒಣಬಟ್ಟೆ, ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ ಪೊಟ್ಟಣ ಸಾಕು. ಬ್ಯಾಂಕ್ ಲಾಕರಿನಲ್ಲಿಟ್ಟು ಕಳವಾದರೂ, ಬೆಂಕಿ ಬಿದ್ದರೂ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟಿಗೆ ಸೀಮಿತ.

ಕೊಟ್ಟುಬಿಡುವ ದಾರಿಯೂ ಇದೆ. ಮಡಿಕೇರಿಯ 'ಸನ್ನಿ ಸೈಡ್' ಜನರಲ್ ತಿಮ್ಮಯ್ಯನವರ ಮನೆ. 2021ರ ಫೆಬ್ರುವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ಮ್ಯೂಸಿಯಂ ಆಗಿ ಉದ್ಘಾಟಿಸಿದರು. ನಮಗೆ ಹತ್ತಿರದಲ್ಲೇ ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂ ಇದೆ. ಎಲ್ಲಿಗೇ ಕೊಡಿ, ಪಟ್ಟಿ ಮಾಡಿ ರಶೀದಿ ಪಡೆಯಿರಿ. ಪ್ರದರ್ಶನಕ್ಕಿಡುತ್ತಾರೋ ಗೋದಾಮಿಗೋ ಎಂದು ಮೊದಲೇ ಕೇಳಿ. ದೇಣಿಗೆಯ ತೆರಿಗೆ ರಿಯಾಯಿತಿಯ ಆಸೆ ಬೇಡ, ಅದು ಹಣ ಕೊಟ್ಟವರಿಗೆ ಮಾತ್ರ, ವಸ್ತು ಕೊಟ್ಟವರಿಗಿಲ್ಲ.